ಅಜ್ಜಿಯ ಪಾಲಿಗೂ ಒಂದು ತುಂಡು: ಜೈನ ಅಡುಗೆಮನೆಯಲ್ಲಿ ಮೊಟ್ಟೆಯಿಲ್ಲದ ಕೇಕ್

ಮೂಡುಬಿದಿರೆಯ ಒಂದು ಮನೆ. ಮೊಮ್ಮಗಳ ಐದನೆಯ ಹುಟ್ಟುಹಬ್ಬ. ಪೇಟೆಯ ಬೇಕರಿಯಿಂದ ಕೇಕ್ ಬಂದಿತ್ತು. ಪೆಟ್ಟಿಗೆಯ ಮೇಲೆ ಎಗ್‌ಲೆಸ್ ಎಂಬ ಚೀಟಿಯೂ ಅಂಟಿತ್ತು. ಮಗು ಕೇಕ್ ಕತ್ತರಿಸಿ ಮೊದಲ ತುಂಡನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿಯಿತು. ಅಜ್ಜಿ ಮುಖ ಪಕ್ಕಕ್ಕೆ ತಿರುಗಿಸಿ, "ನೀನು ತಿನ್ನು ಮಗಾ, ಅಜ್ಜಿಗೆ ಹಲ್ಲುನೋವು" ಎಂದರು. ಹಲ್ಲುನೋವೇನೂ ಇರಲಿಲ್ಲ. ಹೊತ್ತು ಮುಳುಗಿ ಒಂದು ಗಂಟೆ ಕಳೆದಿತ್ತು. ಅದಲ್ಲದೆ ಆ ಕೇಕಿನೊಳಗೆ ಏನೇನಿದೆ ಎಂದು ಅವರಿಗೆ ನಂಬಿಕೆಯಿರಲಿಲ್ಲ. ಮಗುವಿನ ಎದುರು ಸುಳ್ಳಾಡಬೇಕಾಯಿತಲ್ಲ ಎಂದು ರಾತ್ರಿ ಮಲಗುವಾಗ ಅವರೇ ಸೊಸೆಯ ಹತ್ತಿರ ಹೇಳಿ ನೊಂದುಕೊಂಡರು.

"ಅತ್ತೇ, ಮುಂದಿನ ವರ್ಷದ ಕೇಕ್ ನಾನೇ ಮಾಡುತ್ತೇನೆ. ನೀವು ತಿನ್ನುವಂಥದ್ದೇ ಮಾಡುತ್ತೇನೆ" ಎಂದು ಸೊಸೆ ಅಂದೇ ಹೇಳಿದರು. ಹೇಳುವುದು ಸುಲಭ. ಅವರು ಆವರೆಗೆ ಒಲೆಯ ಮೇಲೆ ಮಣ್ಣಿ, ಹಲ್ವ ಮಾಡಿದವರೇ ಹೊರತು ಕೇಕಿನ ಹಿಟ್ಟು ಕಲಸಿದವರಲ್ಲ.

ನಮ್ಮ ಸಮಾಜದ ಬಹಳಷ್ಟು ಮನೆಗಳಲ್ಲಿ ಮಹಿಳೆಯರು, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು, ಈಚೆಗೆ ಕೆಲವು ಹುಡುಗರೂ ಮನೆಯಲ್ಲೇ ಕೇಕ್ ಮಾಡಿ ಅಲಂಕರಿಸುವುದನ್ನು ಹವ್ಯಾಸವಾಗಿ ಮಾಡಿಕೊಂಡಿದ್ದಾರೆ. ಇದನ್ನು ಪರದೇಶದ ಶೋಕಿ ಎಂದು ತಳ್ಳಿಹಾಕುವ ಹಿರಿಯರಿದ್ದಾರೆ. ಮೊಟ್ಟೆ ಬಿಟ್ಟರೆ ಸಾಕು, ಉಳಿದದ್ದೆಲ್ಲ ನಡೆಯುತ್ತದೆ ಎನ್ನುವ ಕಿರಿಯರೂ ಇದ್ದಾರೆ. ವಿಷಯವನ್ನು ಸ್ವಲ್ಪ ವಿವರವಾಗಿ ನೋಡಿದರೆ ಎರಡು ಮಾತೂ ಪೂರ್ತಿ ಸರಿಯಲ್ಲ ಎಂದು ತಿಳಿಯುತ್ತದೆ.

ಕೇಕಿಗೆ ಮೊಟ್ಟೆ ಯಾಕೆ ಹಾಕುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕು. ಅದು ನಾಲ್ಕು ಕೆಲಸ ಮಾಡುತ್ತದೆ. ಕಡೆದಾಗ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಗೆ ಅದರ ಪ್ರೋಟೀನ್ ಗಟ್ಟಿಯಾಗಿ ಕೇಕಿಗೆ ಕಂಬದಂತೆ ನಿಲ್ಲುತ್ತದೆ. ಎಣ್ಣೆಯನ್ನೂ ನೀರನ್ನೂ ಬೇರೆಯಾಗದಂತೆ ಬೆರೆಸುತ್ತದೆ. ಹಿಟ್ಟಿಗೆ ತೇವವನ್ನೂ ಕೊಡುತ್ತದೆ. ಮೊಟ್ಟೆಯನ್ನು ತೆಗೆದ ಮೇಲೆ ಈ ನಾಲ್ಕೂ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು. ಅಂಗಡಿಯಲ್ಲಿ ಒಬ್ಬ ಹಳೆಯ ನೌಕರ ಬಿಟ್ಟು ಹೋದರೆ ಅವನ ಕೆಲಸವನ್ನು ಮೂರು ಮಂದಿಗೆ ಹಂಚಿಕೊಡುವ ಹಾಗೆ ಇದು. ಗಾಳಿಯ ಕೆಲಸ ಅಡಿಗೆ ಸೋಡಾ ಮತ್ತು ಬೇಕಿಂಗ್ ಪೌಡರಿಗೆ, ತೇವ ಮತ್ತು ಹುಳಿಯ ಕೆಲಸ ಮೊಸರಿಗೆ, ಹಿಡಿದು ನಿಲ್ಲಿಸುವ ಕೆಲಸ ಹಿಟ್ಟಿಗೆ. ಸಾಮಾನ್ಯವಾಗಿ ಒಂದು ಮೊಟ್ಟೆಯ ಬದಲು ಕಾಲು ಕಪ್ ಮೊಸರು ಎಂಬ ಲೆಕ್ಕ ನಡೆಯುತ್ತದೆ.

ಮೊಟ್ಟೆಯಿಲ್ಲದೆ ಇಂಥ ತಿನಿಸು ಮಾಡುವ ಪ್ರಯತ್ನ ಇತ್ತೀಚಿನದಲ್ಲ, ಸಸ್ಯಾಹಾರಿಗಳದ್ದು ಮಾತ್ರವೂ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಅವಳಿಗಾಗಿ ಅವನು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ 1843ರಲ್ಲಿ ಯೀಸ್ಟ್ ಬೇಡದ ಬೇಕಿಂಗ್ ಪೌಡರನ್ನೂ ತಯಾರಿಸಿದ. ಇಂದು ನಮ್ಮ ಮನೆಗಳಲ್ಲಿ ಫ್ರೂಟ್ ಸಲಾಡಿಗೆ ಹಾಕುವ ಕಸ್ಟರ್ಡ್ ಪುಡಿಯ ಮೂಲ ಇದೇ. ಮನೆಯ ಒಬ್ಬರು ಪಂಕ್ತಿಯಿಂದ ಹೊರಗುಳಿಯಬಾರದು ಎಂಬ ಕಾಳಜಿಯಿಂದ ಹುಟ್ಟಿದ ವಸ್ತುಗಳಿವು. ಮೊದಲ ಮಹಾಯುದ್ಧದ ಕಾಲದಲ್ಲಿ ಮೊಟ್ಟೆ, ಬೆಣ್ಣೆ, ಹಾಲು ಸಿಗದೆ ಹೋದಾಗ ಅಮೆರಿಕದ ಗೃಹಿಣಿಯರೂ ಈ ಮೂರೂ ಇಲ್ಲದ ಕೇಕ್ ಮಾಡುತ್ತಿದ್ದರು.

ಕರ್ನಾಟಕದವರು ಇದಕ್ಕಾಗಿ ಅಷ್ಟು ದೂರ ನೋಡಬೇಕಾಗಿಯೂ ಇಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಸೋದರರು ಬಿ.ಬಿ. ಬೇಕರಿ ಪ್ರಾರಂಭಿಸಿದರು. ಮೊಟ್ಟೆ ಮುಟ್ಟದ ಮನೆತನದವರೇ ಬೇಕರಿಯ ಒಲೆ ಹಚ್ಚಿ, ಬ್ರೆಡ್ಡು, ಬನ್ನು, ದಿಲ್‌ಪಸಂದ್ ಮಾಡಿ ಮಾರಿದರು. ಇಂದು ರಾಜ್ಯದ ಯಾವ ಪೇಟೆಗೆ ಹೋದರೂ ಒಂದು ಅಯ್ಯಂಗಾರ್ ಬೇಕರಿಯ ಬೋರ್ಡು ಕಾಣುತ್ತದೆ. ಆದರೆ ಹೆಸರು ಒಂದೇ ಇದ್ದರೂ ಎಲ್ಲ ಅಂಗಡಿಗಳ ಪದ್ಧತಿ ಒಂದೇ ಅಲ್ಲ. ಕೇಳದೆ ಕೊಳ್ಳಬಾರದು.

ಕೇಳುವುದೆಂದರೆ ಏನನ್ನು ಕೇಳುವುದು? ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿದೊಡನೆ ನಮ್ಮವರು ನಿಶ್ಚಿಂತರಾಗುತ್ತಾರೆ. ಹಸಿರು ಚೌಕದೊಳಗೆ ಹಸಿರು ವೃತ್ತವಿದ್ದರೆ ಸಸ್ಯಾಹಾರ, ಕಂದು ಚೌಕದೊಳಗೆ ಕಂದು ತ್ರಿಕೋನವಿದ್ದರೆ ಮಾಂಸಾಹಾರ. ಮೊಟ್ಟೆ ಹಾಕಿದ ಪದಾರ್ಥಕ್ಕೂ ಕಂದು ಗುರುತೇ ಬರಬೇಕು. ಇಷ್ಟು ಒಳ್ಳೆಯದೇ. ಆದರೆ ಕಾನೂನಿನಲ್ಲಿ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲಿನ ಜೊತೆಗೆ ಜೇನುತುಪ್ಪ, ಜೇನುಮೇಣ ಮತ್ತು ಅರಗು, ಅಂದರೆ ಶೆಲ್ಲಾಕ್, ಇವನ್ನೂ ಹೊರಗಿಡಲಾಗಿದೆ. ಆದ್ದರಿಂದ ಜೇನು ಹಾಕಿದ ಕೇಕಿಗೂ, ಅರಗಿನ ಹೊಳಪು ಬಳಿದ ಬಣ್ಣದ ಸಕ್ಕರೆ ಗುಳಿಗೆಗಳಿಗೂ ಹಸಿರು ಗುರುತೇ ಇರಬಹುದು. ಅಂಗಡಿಯವನು ಮೋಸ ಮಾಡುತ್ತಿಲ್ಲ. ಅವನು ಕಾನೂನಿನ ಪ್ರಕಾರವೇ ನಡೆದಿದ್ದಾನೆ. ಆದರೆ ಮದ್ಯ, ಮಾಂಸ, ಮಧು ಮತ್ತು ಐದು ಉದುಂಬರ ಫಲಗಳ ತ್ಯಾಗವೇ ಶ್ರಾವಕನ ಅಷ್ಟ ಮೂಲಗುಣ ಎಂದು ಓದಿದವರಿಗೆ ಜೇನು ಎಲ್ಲಿ ನಿಲ್ಲುತ್ತದೆ ಎಂದು ಹೇಳಬೇಕಾಗಿಲ್ಲ. ಹಸಿರು ಚುಕ್ಕೆ ಸರಕಾರದ ಗುರುತು, ಶ್ರಾವಕಾಚಾರದ ಗುರುತಲ್ಲ.

ಇನ್ನು ಒಂದೊಂದಾಗಿ ನೋಡೋಣ. ಕ್ರಿಸ್ಮಸ್ ಕಾಲದಲ್ಲಿ ಬರುವ ಪ್ಲಮ್ ಕೇಕಿನ ಒಣಹಣ್ಣುಗಳನ್ನು ರಮ್ ಅಥವಾ ಬ್ರಾಂಡಿಯಲ್ಲಿ ನೆನೆಸುವ ರೂಢಿ ಇದೆ. ಅದು ಮದ್ಯ. ಆ ಹಣ್ಣುಗಳಲ್ಲಿ ಅಂಜೂರವಿದ್ದರೆ ಅದು ಉದುಂಬರ ವರ್ಗದ್ದು. ಮನೆಯಲ್ಲಿ ಮಾಡುವವರು ದ್ರಾಕ್ಷಿ, ಖರ್ಜೂರಗಳನ್ನು ಕಿತ್ತಳೆ ರಸದಲ್ಲಿ ನಾಲ್ಕು ಗಂಟೆ ನೆನೆಸಿದರೆ ರುಚಿಗೆ ಏನೂ ಕೊರತೆಯಾಗುವುದಿಲ್ಲ. ನಿಜವಾದ ವೆನಿಲ್ಲಾ ಸಾರವನ್ನು ತೆಗೆಯುವುದು ಆಲ್ಕೋಹಾಲಿನಲ್ಲಿ. ಅದರ ಬದಲು ನಮ್ಮ ಸಕಲೇಶಪುರ, ಕೊಡಗಿನ ಏಲಕ್ಕಿ ಇದೆ. ಏಲಕ್ಕಿಯ ಪರಿಮಳಕ್ಕೆ ಕೇಕ್ ತಗ್ಗಿ ನಡೆಯುತ್ತದೆ ಎಂದು ಒಮ್ಮೆ ಮಾಡಿದವರು ಒಪ್ಪುತ್ತಾರೆ.

ಜೆಲ್ಲಿಯಂತೆ ನಡುಗುವ ಹೊದಿಕೆ, ಬಾಯಲ್ಲಿ ಕರಗುವ ಮಾರ್ಷ್‌ಮೆಲೋ, ಕೆಲವು ಮೂಸ್ ಕೇಕುಗಳು ಇವುಗಳಲ್ಲಿ ಜೆಲಟಿನ್ ಇರುತ್ತದೆ. ಜೆಲಟಿನ್ ಎಂದರೆ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆದದ್ದು. ಮೊಟ್ಟೆಯಿಲ್ಲ ಎಂದು ಬರೆದ ಕೇಕಿನಲ್ಲಿ ಜೆಲಟಿನ್ ಇರಬಾರದೆಂದೇನೂ ಇಲ್ಲ, ಮೊಟ್ಟೆ ಇಲ್ಲ ಎಂಬ ಮಾತು ಅಷ್ಟಕ್ಕೇ ನಿಜ. ಅದರ ಬದಲು ಸಮುದ್ರ ಪಾಚಿಯಿಂದ ತೆಗೆದ ಅಗರ್ ಅಗರ್ ಬಳಸುತ್ತಾರೆ. ಪಾಚಿ ಬೇಡ ಎನ್ನುವವರು ಜೋಳದ ಹಿಟ್ಟು, ಅಂದರೆ ಕಾರ್ನ್‌ಫ್ಲೋರ್ ಕಾಯಿಸಿ ಗಟ್ಟಿ ಮಾಡಿಕೊಳ್ಳುತ್ತಾರೆ.

ಕೆಂಪು ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಪೊಟ್ಟಣದ ಹಿಂದೆ ಕಾರ್ಮೈನ್ ಅಥವಾ 120 ಎಂಬ ಸಂಖ್ಯೆ ಇದ್ದರೆ ಅದು ಕೊಚಿನಿಯಲ್ ಎಂಬ ಕೀಟವನ್ನು ಒಣಗಿಸಿ ಪುಡಿಮಾಡಿ ತೆಗೆದ ಬಣ್ಣ. 904 ಎಂದಿದ್ದರೆ ಅರಗು. 471 ಎಂದಿದ್ದರೆ ಅದು ಗಿಡದ ಎಣ್ಣೆಯಿಂದಲೂ ಬಂದಿರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬಂದಿರಬಹುದು. ಅಲ್ಲಿ ಹಸಿರು ಗುರುತು ಉಪಯೋಗಕ್ಕೆ ಬರುತ್ತದೆ. ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡರೆ ಅಂಗಡಿಗೆ ಹೋಗುವಾಗ ನೆನಪಾಗುತ್ತದೆ.

ಬೆಳ್ಳಿಯ ವರ್ಖದ ಬಗ್ಗೆ ನಮ್ಮ ಸಮಾಜದಲ್ಲಿ ಹಿಂದಿನಿಂದಲೂ ಆಕ್ಷೇಪವಿತ್ತು. ಬೆಳ್ಳಿಯನ್ನು ದನದ ಕರುಳಿನ ಪದರಗಳ ನಡುವೆ ಇಟ್ಟು ಬಡಿದು ತೆಳುವಾಗಿಸುತ್ತಿದ್ದುದೇ ಕಾರಣ. 2016ರಲ್ಲಿ ಆಹಾರ ಸುರಕ್ಷಾ ಪ್ರಾಧಿಕಾರ ವರ್ಖ ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಬಳಸಬಾರದೆಂದು ನಿಯಮ ಮಾಡಿತು. ಆದರೂ ಬಿಡಿಯಾಗಿ, ಹೆಸರಿಲ್ಲದ ಕಾಗದದಲ್ಲಿ ಸಿಗುವ ವರ್ಖವನ್ನು ಕೇಕಿಗೆ ಅಂಟಿಸದಿರುವುದೇ ಲೇಸು. ಕೇಕ್ ವರ್ಖವಿಲ್ಲದೆ ಬಡವಾಗುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಕೇಕಿನ ಸಹವಾಸವೇ ಬೇಡ ಎನಿಸಬಹುದು. ಮೂಡುಬಿದಿರೆಯ ಆ ಸೊಸೆಗೂ ಹಾಗೆಯೇ ಅನಿಸಿತ್ತಂತೆ. ಆದರೆ ಮನೆಯಲ್ಲಿ ಮಾಡುವಾಗ ಈ ಪಟ್ಟಿಯ ಮುಕ್ಕಾಲು ಪಾಲು ತಾನಾಗಿಯೇ ಬಿದ್ದುಹೋಗುತ್ತದೆ. ಸಾದಾ ಕೇಕಿಗೆ ಬೇಕಾದದ್ದು ಬಹಳ ಕಡಿಮೆ.

ಒಂದು ಕಪ್ ತಾಜಾ ಗಟ್ಟಿ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಪುಡಿ ಹಾಕಿ ಕರಗುವವರೆಗೆ ಕಲಸಬೇಕು. ಅದಕ್ಕೆ ಅರ್ಧ ಚಿಕ್ಕ ಚಮಚ ಅಡಿಗೆ ಸೋಡಾ, ಒಂದೂಕಾಲು ಚಿಕ್ಕ ಚಮಚ ಬೇಕಿಂಗ್ ಪೌಡರ್ ಹಾಕಿ ಐದು ನಿಮಿಷ ಬಿಟ್ಟರೆ ಮೊಸರು ನೊರೆನೊರೆಯಾಗಿ ಉಬ್ಬುತ್ತದೆ. ಸೋಡಾ ಮತ್ತು ಮೊಸರಿನ ಹುಳಿ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟಿದ ಗುರುತದು. ನೊರೆ ಬಾರದಿದ್ದರೆ ಸೋಡಾ ಹಳೆಯದು, ಮುಂದುವರಿಯುವುದರಲ್ಲಿ ಅರ್ಥವಿಲ್ಲ. ಆಮೇಲೆ ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, ಅರ್ಧ ಚಮಚ ಏಲಕ್ಕಿ ಪುಡಿ. ಕೊನೆಗೆ ಒಂದೂವರೆ ಕಪ್ ಜರಡಿ ಹಿಡಿದ ಮೈದಾವನ್ನು ಮೂರು ಸಲವಾಗಿ ಸೇರಿಸಿ ಹಗುರವಾಗಿ ಕಲಸಬೇಕು. ಇಲ್ಲಿಯೇ ಹೊಸಬರು ತಪ್ಪುವುದು. ಚಪಾತಿ ಹಿಟ್ಟು ನಾದಿ ಅಭ್ಯಾಸವಾದ ಕೈ ಇಲ್ಲಿಯೂ ನಾದಲು ಹೋಗುತ್ತದೆ. ನಾದಿದಷ್ಟೂ ಹಿಟ್ಟಿನ ಅಂಟು ಎಳೆಎಳೆಯಾಗಿ ಕೇಕ್ ರಬ್ಬರಿನಂತಾಗುತ್ತದೆ. ಒಣಹಿಟ್ಟು ಕಾಣದಾದ ಕೂಡಲೆ ಕೈ ನಿಲ್ಲಿಸಬೇಕು.

ತುಪ್ಪ ಸವರಿ ಹಿಟ್ಟು ಉದುರಿಸಿದ ಏಳು ಅಂಗುಲದ ಪಾತ್ರೆಯಲ್ಲಿ ಹಾಕಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ ಇಟ್ಟರಾಯಿತು. ಓವನ್ ಇಲ್ಲದವರು ದೊಡ್ಡ ಕುಕ್ಕರಿನ ತಳಕ್ಕೆ ಒಂದೂವರೆ ಕಪ್ ಕಲ್ಲುಪ್ಪು ಹರಡಿ, ಅದರ ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಳದ ಗ್ಯಾಸ್ಕೆಟ್ ಮತ್ತು ವಿಶಲ್ ಎರಡನ್ನೂ ತೆಗೆದು ಹತ್ತು ನಿಮಿಷ ಕಾಯಿಸಿ, ಪಾತ್ರೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಬೇಯಿಸಬಹುದು. ನೀರು ಹಾಕಬಾರದು. ವಿಶಲ್ ತೆಗೆಯುವುದನ್ನು ಮರೆಯಲೇಬಾರದು. ಮೊದಲ 25 ನಿಮಿಷ ಮುಚ್ಚಳ ತೆಗೆದು ಇಣುಕಿದರೆ ಕೇಕಿನ ನಡುಭಾಗ ಕುಸಿದು ತಟ್ಟೆಯಂತಾಗುತ್ತದೆ. ಒಂದು ಕಡ್ಡಿಯನ್ನು ನಡುವೆ ಚುಚ್ಚಿ ತೆಗೆದಾಗ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. ಪೂರ್ತಿ ಆರಿದ ಮೇಲೆಯೇ ಬೋರಲು ಹಾಕಬೇಕು. ಬಿಸಿಯಲ್ಲಿ ಹಾಕಿದರೆ ಮುರಿಯುತ್ತದೆ, ಮೊಟ್ಟೆಯಿಲ್ಲದ ಕೇಕ್ ಬಿಸಿಯಿರುವಾಗ ಬಹಳ ಮೆದು.

ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆಯಾಗುತ್ತದೆ ಎಂದು 2014ರಲ್ಲಿ ಫ್ರಾನ್ಸಿನ ಒಬ್ಬರು ಕಂಡುಕೊಂಡರು. ಅಕ್ವಾಫಾಬಾ ಎಂಬ ಹೆಸರಿನಲ್ಲಿ ಅದು ಈಗ ಪ್ರಸಿದ್ಧ. ನಮ್ಮವರು ಅದನ್ನು ಬಳಸುವಾಗ ಒಂದು ನೆನಪಿಡಬೇಕು: ಬೇಳೆಕಾಳು ದ್ವಿದಳ. ಕಾಯಿಸದ ಹಾಲು ಮೊಸರಿನ ಜೊತೆ ದ್ವಿದಳ ಸೇರಿಸುವುದು ನಮ್ಮಲ್ಲಿ ನಿಷಿದ್ಧ. ಆ ನೊರೆ ಹಾಕುವುದಾದರೆ ಮೊಸರು ಬೇಡ, ಮೊಸರು ಹಾಕುವುದಾದರೆ ಆ ನೊರೆ ಬೇಡ. ಕೇಕಿನ ಪಾಕವಿಧಾನ ಬರೆದವರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನೋಡಿಕೊಳ್ಳಬೇಕಾದವರು ನಾವು. ಹಾಗೆಯೇ ಕ್ಯಾರೆಟ್ ಕೇಕಿನ ಜಾಗದಲ್ಲಿ ಸಿಹಿಗುಂಬಳದ ಕೇಕ್ ಮಾಡಬಹುದು. ತುರಿದ ಸಿಹಿಗುಂಬಳ ಬಣ್ಣವನ್ನೂ ಕೊಡುತ್ತದೆ, ತೇವವನ್ನೂ ಕೊಡುತ್ತದೆ. ಗಡ್ಡೆಗೆಣಸಿನ ನಿಯಮವೂ ಉಳಿಯುತ್ತದೆ.

ಇಷ್ಟಾದರೂ ಅಜ್ಜಿಯ ಪ್ರಶ್ನೆ ಮುಗಿದಿರಲಿಲ್ಲ. ಅವರು ಕೇಳಿದ್ದು ಒಂದೇ ಮಾತು: "ಹಿಟ್ಟಿನ ಮರ್ಯಾದೆ ಎಷ್ಟು?"

ಬೀಸಿದ ಹಿಟ್ಟಿನಲ್ಲಿ ಕಾಲ ಕಳೆದಂತೆ ಜೀವೋತ್ಪತ್ತಿಯಾಗುತ್ತದೆ ಎಂಬ ಕಾರಣಕ್ಕೆ ದಿಗಂಬರ ಸಂಪ್ರದಾಯದಲ್ಲಿ ಅದಕ್ಕೆ ಒಂದು ಅವಧಿ ಇದೆ. ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಇದನ್ನೇ ಮರ್ಯಾದೆ ಎನ್ನುವುದು. ಪೇಟೆಯ ಮೈದಾ ಯಾವ ತಿಂಗಳು ಬೀಸಿದ್ದೋ ಯಾರಿಗೆ ಗೊತ್ತು? ಡಬ್ಬಿಯ ಕಂಡೆನ್ಸ್ಡ್ ಮಿಲ್ಕ್ ಹಾಕಿದರೆ ಕೇಕ್ ಬಹಳ ಮೃದುವಾಗುತ್ತದೆ, ನಿಜ, ಮಿಲ್ಕ್‌ಮೇಡ್ ಡಬ್ಬಿಯ ಕೇಕ್ ಎಂದೇ ಅದು ಹೆಸರಾಗಿದೆ. ಆದರೆ ಮರ್ಯಾದೆ ಪಾಲಿಸುವವರಿಗೆ ಅದೂ ಆಗದು. ಎಲ್ಲ ಮನೆಗಳಲ್ಲೂ ಇಷ್ಟು ಬಿಗಿ ಇಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಮನೆಯಲ್ಲಿ ಒಬ್ಬರು ಪಾಲಿಸುತ್ತಿದ್ದರೆ, ಅವರನ್ನು ಬಿಟ್ಟು ಹಬ್ಬ ಮಾಡುವುದು ಹೇಗೆ?

ಸೊಸೆ ಗೋಧಿ ತೊಳೆದು ಒಣಗಿಸಿ ಗಿರಣಿಗೆ ಕಳುಹಿಸಿದರು. ಅದೇ ದಿನ ಹೆಪ್ಪಿಟ್ಟ ಮೊಸರು, ಸಕ್ಕರೆಯ ಬದಲು ಬೆಲ್ಲ, ಎಣ್ಣೆಯ ಬದಲು ಮನೆಯ ತುಪ್ಪ. ಮೊದಲ ಸಲ ಕೇಕ್ ಇಟ್ಟಿಗೆಯಾಯಿತು. ಎರಡನೆಯ ಸಲ ಮೇಲೆ ಕಪ್ಪು, ಒಳಗೆ ಹಸಿ. ಗೋಧಿ ಹಿಟ್ಟಿನ ತೌಡು ಅಂಟಿನ ಎಳೆಗಳನ್ನು ಕಡಿಯುತ್ತದೆ, ನೀರನ್ನೂ ಹೆಚ್ಚು ಕುಡಿಯುತ್ತದೆ. ಆದ್ದರಿಂದ ಮೈದಾದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಮೂರನೆಯ ಸಲ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಎರಡು ಬಾರಿ ಜರಡಿ ಹಿಡಿದು, ಕಾಯಿಸಿ ಆರಿಸಿದ ಹಾಲನ್ನು ನಾಲ್ಕು ಚಮಚ ಹೆಚ್ಚು ಹಾಕಿ, ಉರಿ ತಗ್ಗಿಸಿ ಹತ್ತು ನಿಮಿಷ ಜಾಸ್ತಿ ಬೇಯಿಸಿದ ಮೇಲೆ ಹದ ಬಂತು.

ಇಲ್ಲೊಂದು ಸ್ವಾರಸ್ಯವಿದೆ. ಹಿಟ್ಟನ್ನು ಜರಡಿ ಹಿಡಿಯುವುದು, ನೀರನ್ನು ಸೋಸುವುದು, ಒಲೆ ಹಚ್ಚುವ ಮೊದಲು ಒಳಗೆ ಜೀವಜಂತು ಇದೆಯೇ ಎಂದು ನೋಡುವುದು ನಮ್ಮ ಅಡುಗೆಮನೆಯ ಹಳೆಯ ಪಾಠ. ಬೇಕರಿ ಶಾಸ್ತ್ರವೂ ಹಿಟ್ಟನ್ನು ಜರಡಿ ಹಿಡಿ ಎನ್ನುತ್ತದೆ, ಗಂಟು ಒಡೆದು ಗಾಳಿ ತುಂಬಲಿ ಎಂಬ ಕಾರಣಕ್ಕೆ. ಕಾರಣ ಬೇರೆ, ಕೆಲಸ ಒಂದೇ. ಅಜ್ಜಿ ಜರಡಿ ಹಿಡಿಯುವ ಕೆಲಸವನ್ನು ತಾವೇ ವಹಿಸಿಕೊಂಡರು. ಕೇಕ್ ಎಂದರೆ ಮೂಗು ಮುರಿಯುತ್ತಿದ್ದವರು ಅಡುಗೆಮನೆಯ ಮೆಟ್ಟಿಲಲ್ಲಿ ಕುಳಿತು ಹಿಟ್ಟು ಜಾಲಿಸಿದರು.

ಹವ್ಯಾಸದ ನಿಜವಾದ ಸಂತೋಷವಿರುವುದು ಅಲಂಕಾರದಲ್ಲಿ. ಕೆನೆಯನ್ನು ಚೀಲದಲ್ಲಿ ತುಂಬಿ ಒತ್ತಿ ಹೂ ಬಿಡಿಸುವ ಕೆಲಸಕ್ಕೆ ತರಬೇತಿ ಬೇಕೆಂದು ಹಲವರು ಹೆದರುತ್ತಾರೆ. ಮದುವೆ ಮನೆಯಲ್ಲಿ ಮೆಹಂದಿ ಕೋನ್ ಹಿಡಿದು ಬಳ್ಳಿ ಬಿಡಿಸಿದ ಕೈಗೆ ಇದು ಕಷ್ಟವೇ ಅಲ್ಲ, ಒತ್ತುವ ಅಂದಾಜು ಒಂದೇ. ಬಟರ್ ಪೇಪರನ್ನು ಕೋನಿನಂತೆ ಸುತ್ತಿ ತುದಿ ಕತ್ತರಿಸಿದರೆ ಗೆರೆ ಎಳೆಯಬಹುದು. ಐದಾರು ನಾಝಲ್ ಕೊಂಡರೆ ಗುಲಾಬಿ, ಸೇವಂತಿಗೆ, ಎಲೆ, ದಾರದಂಚು ಎಲ್ಲ ಬರುತ್ತದೆ. ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕಿ ಬಲ್ಲವರು ಕೇಕಿನ ಮೇಲೆ ಅದೇ ಚುಕ್ಕಿಗಳನ್ನು ಲೆಕ್ಕವಿಟ್ಟು ಸೇರಿಸಿ ಮಾಡಿದ ಕೆಲಸ ಬೇಕರಿಯ ಕೇಕಿಗಿಂತ ಚಂದ.

ಕರಾವಳಿಯ ಸೆಕೆಯಲ್ಲಿ ಬೆಣ್ಣೆಯ ಕೆನೆ ಅರ್ಧ ಗಂಟೆಯಲ್ಲಿ ಇಳಿದುಹೋಗುತ್ತದೆ. ಅಲ್ಲಿ ಬಿಳಿಯ ವಿಪ್ಪಿಂಗ್ ಕ್ರೀಮ್ ಬಳಸುವುದು ರೂಢಿ. ಅದು ಹೆಚ್ಚಾಗಿ ತಾಳೆಯ ಕಾಳಿನ ಎಣ್ಣೆಯಿಂದ ಮಾಡಿದ್ದು, ಹಾಲಿನದ್ದಲ್ಲ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ಸಕ್ಕರೆ ಪುಡಿ ಬೆರೆಸಿದ ಶ್ರೀಖಂಡವನ್ನೇ ಮೇಲೆ ಬಳಿಯುವವರೂ ಇದ್ದಾರೆ. ನೋಡಲು ಅಷ್ಟು ನುಣುಪಿಲ್ಲ, ತಿನ್ನಲು ಅದೇ ಮೇಲು.

ಬಣ್ಣಕ್ಕೆ ಬೀಟ್‌ರೂಟ್ ರಸ ಹಾಕಿ ಎಂದು ಎಲ್ಲ ಪುಸ್ತಕಗಳಲ್ಲೂ ಬರೆದಿರುತ್ತದೆ. ಅದು ಗಡ್ಡೆ. ದಕ್ಷಿಣ ಕನ್ನಡ, ಉಡುಪಿಯವರಿಗೆ ಪುನರ್ಪುಳಿ ಇದೆ, ಉಳಿದವರಿಗೆ ದಾಳಿಂಬೆ, ಕೆಂಪು ದಾಸವಾಳ. ಆದರೆ ಇವುಗಳ ಕೆಂಪು ಹುಳಿಯಲ್ಲಿ ಮಾತ್ರ ಕೆಂಪು. ಸೋಡಾ ಸೇರಿದ ಹಿಟ್ಟಿಗೆ ಹಾಕಿದರೆ ನೀಲಿಯೋ ಬೂದಿಯೋ ಆಗಿ ನೋಡಲು ಬೇಸರವಾಗುತ್ತದೆ. ಹಾಗಾಗಿ ಇವನ್ನು ಒಳಗಿನ ಹಿಟ್ಟಿಗಲ್ಲ, ಮೇಲಿನ ಕೆನೆಗೆ ಬೆರೆಸಬೇಕು. ಹಳದಿಗೆ ಕೇಸರಿ ಅಥವಾ ಮಾವಿನ ಹಣ್ಣು, ಹಸಿರಿಗೆ ಪಿಸ್ತಾ.

ಅಲಂಕಾರದ ಆಕಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಮಕ್ಕಳು ಕರಡಿ, ಮೊಲ, ಕೋಳಿಮರಿಯ ಆಕಾರದ ಕೇಕ್ ಬೇಕೆಂದು ಹಟ ಹಿಡಿಯುತ್ತಾರೆ. ಅದನ್ನು ಕತ್ತರಿಸುವುದು ಚೂರಿಯಿಂದ. ಇಲ್ಲಿ ಹಿರಿಯರಿಗೆ ಜನ್ನ ಕವಿ 1209ರಲ್ಲಿ ಬರೆದ ಯಶೋಧರ ಚರಿತೆ ನೆನಪಾದರೆ ಆಶ್ಚರ್ಯವಿಲ್ಲ. ಯಶೋಧರ ರಾಜ ಜೀವಂತ ಬಲಿ ಕೊಡಲು ಒಪ್ಪದೆ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ದೇವಿಯ ಮುಂದೆ ಕಡಿದ. ಕಡಿದಾಗ ಅದು ಕೂಗಿತು. ಆ ಒಂದು ಸಂಕಲ್ಪ ಹಿಂಸೆಗೆ ತಾಯಿಯೂ ಮಗನೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ಬಿದ್ದು ನರಳಬೇಕಾಯಿತು. ಹಿಟ್ಟು ಹಿಟ್ಟೇ ಆದರೂ ಕೊಲ್ಲುತ್ತೇನೆ ಎಂಬ ಭಾವ ಹಿಂಸೆಯೇ ಎಂಬುದು ಅಲ್ಲಿನ ತತ್ತ್ವ.

ಐದು ವರ್ಷದ ಮಗು ಕರಡಿ ಕೇಕ್ ಕತ್ತರಿಸುವಾಗ ಅದಕ್ಕೆ ಕೊಲ್ಲುವ ಭಾವವಿಲ್ಲ, ಆದ್ದರಿಂದ ಎರಡನ್ನೂ ಒಂದೇ ಎಂದು ಮಗುವನ್ನು ಹೆದರಿಸುವುದು ಸರಿಯಲ್ಲ. ಆದರೆ ಕಿವಿ ಯಾರಿಗೆ, ತಲೆ ಯಾರಿಗೆ ಎಂದು ನಗುತ್ತಾ ಹಂಚುವುದನ್ನು ಕಂಡರೆ ಹಿರಿಯರಿಗೆ ಕಸಿವಿಸಿಯಾಗುವುದೂ ಸಹಜವೇ. ತಾವರೆ, ಮಾವಿನಕಾಯಿ, ಗಾಳಿಪಟ, ರೈಲುಗಾಡಿ, ಪುಸ್ತಕ ಇಷ್ಟೆಲ್ಲ ಆಕಾರಗಳಿರುವಾಗ ಪ್ರಾಣಿಯೇ ಯಾಕೆ? ಇನ್ನೊಂದು ಕಡೆಯ ಅತಿಯೂ ಇದೆ. ಭಕ್ತಿಯಿಂದಲೇ ಕೇಕಿನ ಮೇಲೆ ಬಸದಿಯ ಚಿತ್ರ, ಜಿನಬಿಂಬ, ಮಂತ್ರಾಕ್ಷರ ಬರೆಯುವವರಿದ್ದಾರೆ. ಚೂರಿ ಹಾಕಿ ತಿಂದು ತಟ್ಟೆ ತೊಳೆಯುವ ಪದಾರ್ಥದ ಮೇಲೆ ಅವು ಬೇಡ.

ಮೇಣದ ಬತ್ತಿ ಊದಿ ಆರಿಸುವ ಬದಲು ಕೆಲವು ಮನೆಗಳಲ್ಲಿ ಮಗುವಿನ ಕೈಯಿಂದ ದೇವರ ಕೋಣೆಯಲ್ಲಿ ದೀಪ ಹಚ್ಚಿಸಿ, ಬಳಿಕ ಕೇಕ್ ಕತ್ತರಿಸುತ್ತಾರೆ. ನಮ್ಮ ನಾಡಿನಲ್ಲಿ ಶುಭದ ದಿನ ದೀಪ ಆರಿಸುವ ಪದ್ಧತಿ ಎಂದೂ ಇರಲಿಲ್ಲ. ಎಂಜಲು ಗಾಳಿ ಕೇಕಿಗೆ ತಾಗುವುದೂ ತಪ್ಪುತ್ತದೆ. ಸಮಯವೂ ಮುಖ್ಯ. ಸಂಜೆ ನಾಲ್ಕಕ್ಕೆ ಕರೆದರೆ ಸೂರ್ಯಾಸ್ತದೊಳಗೆ ಎಲ್ಲರೂ ತಿಂದು ಮುಗಿಸಬಹುದು. ರಾತ್ರಿ ಎಂಟಕ್ಕೆ ಇಟ್ಟುಕೊಂಡು ಅಜ್ಜಿ ಅಜ್ಜ ತಿನ್ನಲಿಲ್ಲ ಎಂದು ಬೇಸರಪಟ್ಟು ಫಲವಿಲ್ಲ. ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವದ ದಿನಗಳಲ್ಲಿ ಹುಟ್ಟುಹಬ್ಬ ಬಂದರೆ ಮುಂದಿನ ಭಾನುವಾರಕ್ಕೆ ಹಾಕಿದರೆ ಮಕ್ಕಳೂ ಒಪ್ಪುತ್ತಾರೆ, ಎರಡು ದಿನ ಹೆಚ್ಚು ಕಾದ ಕೇಕಿಗೆ ರುಚಿ ಜಾಸ್ತಿ ಎಂದು ಹೇಳಿ ನೋಡಿ. ಉಳಿದದ್ದನ್ನು ಫ್ರಿಜ್ಜಿನಲ್ಲಿ ವಾರಗಟ್ಟಲೆ ಇಡಬಾರದು, ಅಂದೇ ನೆರೆಕರೆಗೆ ಹಂಚಬೇಕು. ಚಿಕ್ಕ ಕೇಕ್ ಮಾಡಿದರೆ ಈ ಪ್ರಶ್ನೆಯೇ ಬರುವುದಿಲ್ಲ.

ಹವ್ಯಾಸ ಕೈಹತ್ತಿದ ಮೇಲೆ ನೆರೆಯವರು ಹಣ ಕೊಟ್ಟು ಮಾಡಿಸಿಕೊಳ್ಳಲು ಕೇಳುತ್ತಾರೆ. ಮನೆಯಿಂದ ಮಾರುವವರೂ ಆಹಾರ ಸುರಕ್ಷಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಸಣ್ಣ ವಹಿವಾಟಿಗೆ ದೊಡ್ಡ ಪರವಾನಗಿ ಬೇಡ, ನೋಂದಣಿ ಸಾಕು. ನೋಂದಣಿಗಿಂತ ದೊಡ್ಡದು ಬಾಯಿಮಾತಿನ ಪ್ರಾಮಾಣಿಕತೆ. ಒಂದು ಪೇಟೆಯ ಬೇಕರಿಯಲ್ಲಿ ಎಗ್‌ಲೆಸ್ ಕೇಕನ್ನೂ ಮೊಟ್ಟೆಯ ಕೇಕನ್ನೂ ಒಂದೇ ಚೂರಿಯಲ್ಲಿ ಕತ್ತರಿಸಿ ಕೊಡುತ್ತಿದ್ದುದನ್ನು ಗಿರಾಕಿಯೊಬ್ಬರು ಕಣ್ಣಾರೆ ಕಂಡು ಹಣ ಬಿಟ್ಟು ಹೊರಬಂದರು. ಮಾರುವವನಿಗೆ ಅದು ಒಂದು ಚೂರಿ ಅಷ್ಟೇ. ಜೈನ ಕೇಕ್ ಎಂದು ಹೇಳಿ ಮಾರುವವರು ಹಿಟ್ಟು ಯಾವುದು, ಕೆನೆ ಯಾವುದು, ಬಣ್ಣ ಯಾವುದು, ಮರ್ಯಾದೆಯ ಹಿಟ್ಟೋ ಪೇಟೆಯ ಹಿಟ್ಟೋ ಎಂದು ಚೀಟಿಯಲ್ಲಿ ಬರೆದು ಕೊಡಬೇಕು. ಪೇಟೆಯ ಮೈದಾ ಬಳಸಿದ್ದರೆ ಹಾಗೆಂದೇ ಬರೆಯಲಿ, ಕೊಳ್ಳುವವರು ನಿರ್ಧರಿಸುತ್ತಾರೆ. ನೂರು ರೂಪಾಯಿ ಹೆಚ್ಚು ಕೇಳಿದರೂ ಕೊಡುತ್ತಾರೆ. ಒಮ್ಮೆ ನಂಬಿಕೆ ಹೋದರೆ ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.

ಮೂಡುಬಿದಿರೆಯ ಮನೆಯಲ್ಲಿ ಆರನೆಯ ಹುಟ್ಟುಹಬ್ಬ ಸಂಜೆ ನಾಲ್ಕೂವರೆಗೆ ನಡೆಯಿತು. ಗೋಧಿ ಬೆಲ್ಲದ ಕಂದು ಕೇಕ್, ಮೇಲೆ ಶ್ರೀಖಂಡದ ಹೊದಿಕೆ, ಪುನರ್ಪುಳಿಯ ಕೆಂಪಿನಲ್ಲಿ ಸ್ವಲ್ಪ ಸೊಟ್ಟಗೆ ಬಂದ ಎಂಟು ದಳದ ತಾವರೆ. ಮಗು ಮೊದಲ ತುಂಡನ್ನು ಹಿಡಿದು ಕಳೆದ ವರ್ಷದ ನೆನಪಿನಿಂದ, "ಅಜ್ಜೀ, ಹಲ್ಲುನೋವು ಇದೆಯಾ?" ಎಂದು ಕೇಳಿತು. ಅಜ್ಜಿ ಬಾಯಿ ತೆರೆದರು. ತಿಂದು, ನೀರು ಕುಡಿದು, ಸೊಸೆಯನ್ನು ಕರೆದು, "ಬೆಲ್ಲ ಒಂದು ಚೂರು ಹೆಚ್ಚಾಯಿತು ಮಾರಾಯ್ತಿ" ಎಂದರು.